ಮನೆಯವರನ್ನು ಪೊಲೀಸರು ಕರೆದೊಯ್ದರೆ: ಠಾಣೆಯಿಂದ ಜಾಮೀನಿನವರೆಗೆ ಹೆಜ್ಜೆ ಹೆಜ್ಜೆಯಾಗಿ

ಇಂಥ ಸುದ್ದಿ ಬರುವುದು ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲಿ. ರಾತ್ರಿ ಊಟಕ್ಕೆ ಕುಳಿತಾಗಲೋ ನಸುಕಿನಲ್ಲಿ ಬಾಗಿಲಿಗೆ ನೀರು ಹಾಕುವಾಗಲೋ ಯಾರೋ ಓಡಿ ಬಂದು, "ನಿಮ್ಮ ಹುಡುಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು" ಎನ್ನುತ್ತಾರೆ. ಮನೆಯವರಿಗೆ ಕೈಕಾಲು ಆಡುವುದಿಲ್ಲ. ಮೊದಲು ನೆನಪಾಗುವವನು ಊರಿನ ಮುಖಂಡ, ಆಮೇಲೆ ಶಾಸಕರ ಕಡೆಯವರು, ಎಲ್ಲ ಬಾಗಿಲೂ ಮುಚ್ಚಿದ ಮೇಲೆ ವಕೀಲರು. ಅಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ, ಕಳೆದ ಆ ದಿನವೇ ಎಲ್ಲಕ್ಕಿಂತ ಬೆಲೆಬಾಳುವ ದಿನ.

ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುತ್ತಾ ನಾನು ಕಂಡ ಮಾತು ಇದು: ಬಂಧನದ ಪ್ರಕರಣಗಳಲ್ಲಿ ಬಡವರನ್ನು ಕಾಯುವುದು ವಶೀಲಿಯಲ್ಲ, ಬರೆದಿಟ್ಟ ಗಂಟೆ ಮತ್ತು ಕೈಯಲ್ಲಿರುವ ಕಾಗದ. ಒಮ್ಮೆ ಒಬ್ಬ ಹೆಣ್ಣುಮಗಳು ತನ್ನ ತಮ್ಮನ ವಿಷಯಕ್ಕೆ ಬಂದಿದ್ದರು. ಆಕೆಯ ಸೆರಗಿನ ಗಂಟಿನಲ್ಲಿ ಹಾಲಿನ ಡೇರಿಯ ಪುಸ್ತಕವಿತ್ತು. ಸಂಜೆಯ ಹಾಲು ಅಳೆಸಿ ಬರುವಾಗ ಜೀಪು ನಿಂತದ್ದನ್ನು ಕಂಡು, ಅದರ ಕೊನೆಯ ಹಾಳೆಯಲ್ಲಿ ಡೇರಿಯ ಕಾರ್ಯದರ್ಶಿಯ ಪೆನ್ನಿನಿಂದಲೇ "7-20, ಜೀಪು, ಇಬ್ಬರು ಸಮವಸ್ತ್ರ, ಒಬ್ಬ ಮಫ್ತಿ" ಎಂದು ಬರೆದಿದ್ದರು. ಪೊಲೀಸರ ಬಂಧನ ಪತ್ರದಲ್ಲಿ ಮಾತ್ರ ಮರುದಿನ ಬೆಳಿಗ್ಗೆ 11 ಗಂಟೆ ಎಂದಿತ್ತು. ಆ ಪುಸ್ತಕ ಮುಂದೆ ಏನು ಮಾಡಿತು ಎಂಬುದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ ಕಲಂಗಳ ಸಂಖ್ಯೆಗಳು ಬದಲಾಗಿವೆ, ಕೆಲವು ಹಕ್ಕುಗಳು ಗಟ್ಟಿಯಾಗಿವೆ, ಕೆಲವು ಕಡೆ ಪೊಲೀಸರ ಕೈ ಉದ್ದವಾಗಿದೆ. ಕೆಳಗೆ ಬರುವ ಕಲಂಗಳೆಲ್ಲ, ಬೇರೆ ಹೇಳದಿದ್ದರೆ, ಈ ಹೊಸ ಸಂಹಿತೆಯವು. ಅವುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಠಾಣೆಯಲ್ಲಿ ಕಲಂ ಹೇಳಿ ವಿನಯದಿಂದ ಕೇಳುವವರಿಗೂ ಸುಮ್ಮನೆ ಗೋಳಾಡುವವರಿಗೂ ಸಿಗುವ ಉತ್ತರ ಬೇರೆಯೇ ಆಗಿರುತ್ತದೆ.

ಮೊದಲ ಹೆಜ್ಜೆ: ಇದು ಕರೆಯೋ, ನೋಟಿಸೋ, ಬಂಧನವೋ?

"ಸ್ವಲ್ಪ ಠಾಣೆಗೆ ಬಂದು ಹೋಗಿ" ಎಂಬ ಫೋನು ಕಾನೂನಿನ ಕಣ್ಣಿನಲ್ಲಿ ನೋಟಿಸ್ ಅಲ್ಲ. ಯಾವ ದೂರು, ಯಾವ ಅಪರಾಧ ಸಂಖ್ಯೆ, ಕರೆಯುತ್ತಿರುವ ಅಧಿಕಾರಿ ಯಾರು ಎಂದು ಕೇಳಿ, "ದಯವಿಟ್ಟು ಲಿಖಿತ ನೋಟಿಸ್ ಕೊಡಿ, ಖಂಡಿತ ಬರುತ್ತೇನೆ" ಎನ್ನಿ. ಇಂಥ ಕರೆಗಳಲ್ಲಿ ಬಹಳಷ್ಟು ಸಾಲದ ಹಣ, ಬದುವಿನ ಜಗಳ, ಬಾಡಿಗೆ ಮನೆಯ ತಕರಾರಿಗೆ ಸಂಬಂಧಿಸಿದವು. ಅವು ಸಿವಿಲ್ ವ್ಯಾಜ್ಯಗಳು. ಹಣ ವಸೂಲಿ ಮಾಡಿಕೊಡುವುದಾಗಲಿ, ಜಮೀನು ಬಿಡಿಸುವುದಾಗಲಿ ಠಾಣೆಯ ಕೆಲಸವಲ್ಲ. ಅಲ್ಲಿ ಕೂರಿಸಿ ಮುಚ್ಚಳಿಕೆ ಬರೆಸಿಕೊಂಡ ಎಷ್ಟೋ ಪ್ರಸಂಗಗಳಲ್ಲಿ ಜನ ತಮ್ಮದಲ್ಲದ ಸಾಲ ಒಪ್ಪಿಕೊಂಡು ಬಂದಿದ್ದಾರೆ. ಓದದೆ, ಒಂದು ಪ್ರತಿ ಕೈಗೆ ಬಾರದೆ ಯಾವುದಕ್ಕೂ ಸಹಿ ಹಾಕಬೇಡಿ.

ನೋಟಿಸ್ ಎಂದರೆ ಕಲಂ 35(3)ರ ಹಾಜರಾತಿ ನೋಟಿಸ್, ಹಿಂದಿನ 41ಎ. ಬಂಧನ ಅಗತ್ಯವಿಲ್ಲ ಎನಿಸಿದಾಗ, ಆರೋಪ ಎದುರಿಸುತ್ತಿರುವವನನ್ನು ವಿಚಾರಣೆಗೆ ಕರೆಯುವ ಕಾಗದ ಅದು. 2024ರ ಜುಲೈನಲ್ಲಿ ಕರ್ನಾಟಕ ಹೈಕೋರ್ಟ್ ಈ ಬಗ್ಗೆ ಬಹಳ ಉಪಕಾರದ ಮಾತೊಂದನ್ನು ಹೇಳಿದೆ: ನೋಟಿಸಿನಲ್ಲಿ ಅಪರಾಧ ಸಂಖ್ಯೆ ಮತ್ತು ಆರೋಪಿಸಿರುವ ಅಪರಾಧ ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಿಸಿರಬೇಕು. ಇವಿಲ್ಲದ ನೋಟಿಸಿಗೆ ಹಾಜರಾಗಲೇಬೇಕಾದ ಕಟ್ಟುಪಾಡಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಇಂಥ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದು, ಕಾನೂನು ಹೇಳಿದ ರೀತಿಯಲ್ಲೇ ಜಾರಿ ಮಾಡಬೇಕು ಎಂದಿತು. ಅದನ್ನು ಬದಲಿಸಿಕೊಡಿ ಎಂದು ಹರಿಯಾಣ ಸರ್ಕಾರ ಕೇಳಿದಾಗಲೂ ನ್ಯಾಯಾಲಯ ಒಪ್ಪಲಿಲ್ಲ.

ಹಾಗೆಂದು, ಸರಿಯಾದ ನೋಟಿಸ್ ಬಂದಾಗ ಮನೆಯಲ್ಲಿ ಕೂರಬೇಡಿ. ನೋಟಿಸಿನಂತೆ ಹಾಜರಾಗುತ್ತಿರುವವನನ್ನು ಬಂಧಿಸಬೇಕಾದರೆ ಅಧಿಕಾರಿ ಅದಕ್ಕೆ ಕಾರಣ ಬರೆದಿಡಬೇಕು. ಹಾಜರಾಗದಿದ್ದರೆ ಆ ರಕ್ಷಣೆಯನ್ನು ನಾವೇ ಕೈಯಾರೆ ಕಳೆದುಕೊಂಡಂತೆ. ಆ ದಿನ ಬರಲಾಗದಿದ್ದರೆ ಕಾರಣ ಬರೆದು, ಬೇರೆ ದಿನಾಂಕ ಕೇಳಿ, ಠಾಣೆಯಲ್ಲಿ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ಚೀಟಿ ಇಟ್ಟುಕೊಳ್ಳಿ.

ಸಾಕ್ಷಿ ಹೇಳಲು ಕರೆದಿದ್ದರೆ ಕಲಂ 179 ನೋಡಿ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇರುವವರನ್ನು ಸಾಕ್ಷಿಯಾಗಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ಮನೆಗೆ ಬಂದು ಹೇಳಿಕೆ ಪಡೆಯಬೇಕು. ಹಿಂದೆ ಈ ವಯಸ್ಸು 65 ಇತ್ತು.

ಇನ್ನು ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ" ಎನ್ನುವವರು ಶುದ್ಧ ಕಳ್ಳರು. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಕರೆ ಕತ್ತರಿಸಿ, ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಎರಡನೇ ಹೆಜ್ಜೆ: ಮನೆಬಾಗಿಲಲ್ಲಿ ಬಂಧಿಸುವಾಗ

ತಳ್ಳಾಟಕ್ಕೆ ಇಳಿಯಬೇಡಿ, ಓಡಬೇಡಿ. ಮನೆಯಲ್ಲಿ ಒಬ್ಬರು ಮಾತನಾಡಲಿ, ಇನ್ನೊಬ್ಬರು ಬರೆಯಲಿ. ಬಂದವರ ಹೆಸರು, ಠಾಣೆ, ವಾಹನದ ಸಂಖ್ಯೆ, ಗಂಟೆ ಹಾಳೆಯಲ್ಲಿ ಬರಲಿ. ಕಲಂ 36ರ ಪ್ರಕಾರ ಬಂಧಿಸುವ ಅಧಿಕಾರಿಯ ಹೆಸರು ಎದೆಯ ಮೇಲೆ ಸ್ಪಷ್ಟವಾಗಿ ಕಾಣಬೇಕು. ಸ್ಥಳದಲ್ಲೇ ಬಂಧನ ಪತ್ರ, ಅಂದರೆ ಅರೆಸ್ಟ್ ಮೆಮೊ, ತಯಾರಾಗಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಸಹಿ ಹಾಕಬೇಕು, ಬಂಧಿತನೂ ಸಹಿ ಹಾಕಬೇಕು. ನಿಮ್ಮಿಂದ ಸಾಕ್ಷಿ ಸಹಿ ಕೇಳಿದರೆ ಮೊದಲು ನೋಡಬೇಕಾದ್ದು ಸಮಯದ ಜಾಗ. ಅದು ಖಾಲಿಯಿದ್ದರೆ ತುಂಬಿಸಲು ಹೇಳಿ. ತಪ್ಪು ಬರೆದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ ನಿಜವಾದ ಗಂಟೆಯನ್ನು ನೀವೇ ಬರೆಯಿರಿ. ಹಾಗೆ ಬರೆಯುವುದು ಅಪರಾಧವಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಕಾನೂನು ಬಿಗಿಯಾಗಿದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿಯೇ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಪಡೆದಿರಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ದಾಟಿದವರನ್ನಾಗಲಿ ಅಶಕ್ತರನ್ನಾಗಲಿ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. ಕಲಂ 35(7)ರ ಈ ರಕ್ಷಣೆ ಹೊಸದು, ಬಹಳ ಮಂದಿಗೆ ಗೊತ್ತಿಲ್ಲ. ಹುಡುಗನಿಗೆ 18 ತುಂಬಿಲ್ಲದಿದ್ದರೆ ಶಾಲೆಯ ವರ್ಗಾವಣೆ ಪತ್ರ ಅಥವಾ ಜನನ ಪ್ರಮಾಣಪತ್ರ ಹಿಡಿದು ಕೂಡಲೇ ಹೊರಡಿ. ಅವನನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಕೈಕೋಳದ ವಿಷಯದಲ್ಲಿ ಹೊಸ ಸಂಹಿತೆ ಪೊಲೀಸರಿಗೆ ಹೆಚ್ಚು ಅಧಿಕಾರ ಕೊಟ್ಟಿದೆ, ಇದು ನನಗೆ ಸಮಾಧಾನ ತಂದಿಲ್ಲ. ರೂಢಿಗತ ಅಪರಾಧಿ, ಕಸ್ಟಡಿಯಿಂದ ತಪ್ಪಿಸಿಕೊಂಡವನು, ಕೊಲೆ, ಅತ್ಯಾಚಾರ, ಆ್ಯಸಿಡ್ ದಾಳಿ, ಮಾದಕ ವಸ್ತು, ಭಯೋತ್ಪಾದನೆಯಂಥ ಗಂಭೀರ ಪ್ರಕರಣಗಳ ಪಟ್ಟಿಯೊಂದು ಕಲಂ 43(3)ರಲ್ಲಿದೆ. ಆ ಪಟ್ಟಿಯ ಹೊರಗಿನವನಿಗೆ ಕೋಳ ತೊಡಿಸಿದರೆ ಫೋಟೊ ಇರಲಿ. 2022ರ ಜೂನ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಅಕಾರಣವಾಗಿ ಕೋಳ ತೊಡಿಸಿ ಕರೆದೊಯ್ದಿದ್ದ ಒಬ್ಬ ಕಾನೂನು ವಿದ್ಯಾರ್ಥಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು.

ಮನೆ ಶೋಧಿಸಿದರೆ ಕಲಂ 105 ನೆನಪಿಡಿ: ಶೋಧನೆ ಮತ್ತು ಜಪ್ತಿಯನ್ನು ಪೊಲೀಸರೇ ವಿಡಿಯೊ ಮಾಡಬೇಕು, ಇದು ಈಗ ಕಡ್ಡಾಯ. ಜಪ್ತಿ ಪಟ್ಟಿಯ ಪ್ರತಿ ಮನೆಯವರಿಗೆ ಸಿಗಬೇಕು. ಮೊಬೈಲ್ ತೆಗೆದುಕೊಂಡು ಹೋಗುವುದಾದರೆ ಅದರ ಐಎಂಇಐ ಸಂಖ್ಯೆ ಪಟ್ಟಿಯಲ್ಲಿರಲಿ. ಪಂಚರು, ಅಂದರೆ ಜಪ್ತಿಗೆ ಸಾಕ್ಷಿಯಾದವರು, ಯಾರು, ಅವರು ನಿಜವಾಗಿ ಅಲ್ಲಿ ನಿಂತಿದ್ದರೇ ಎಂಬುದನ್ನೂ ಬರೆದಿಡಿ.

ಮೂರನೇ ಹೆಜ್ಜೆ: ಬಂಧನದ ಕಾರಣಗಳನ್ನು ಬರಹದಲ್ಲಿ ಕೇಳಿ

ಕಳೆದ ಎರಡು ಮೂರು ವರ್ಷಗಳಲ್ಲಿ ಕಾನೂನು ಅತಿ ಹೆಚ್ಚು ಬೆಳೆದಿರುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಬಂಧಿಸಿದವನಿಗೆ ಏಕೆ ಬಂಧಿಸಿದ್ದೇವೆಂದು ತಿಳಿಸಬೇಕು ಎನ್ನುವುದು ಸಂವಿಧಾನದ 22(1)ನೇ ವಿಧಿ. ಅದನ್ನೇ ಕಲಂ 47 ಹೇಳುತ್ತದೆ. ದಶಕಗಳ ಕಾಲ ಇದು "ತಿಳಿಸಲಾಗಿದೆ" ಎಂಬ ಒಂದು ಸಾಲಿನ ಷರಾ ಆಗಿ ಉಳಿದಿತ್ತು. 2023ರ ಅಕ್ಟೋಬರ್‌ನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, ಹಣ ಅಕ್ರಮ ವರ್ಗಾವಣೆ ಕಾಯ್ದೆಯಡಿ ಬಂಧಿತರಾದವರಿಗೆ ಕಾರಣಗಳನ್ನು ಬರಹದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಮೇ ತಿಂಗಳಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಅದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಗೂ (ಯುಎಪಿಎ) ವಿಸ್ತರಿಸಿತು. 2025ರ ಫೆಬ್ರುವರಿ 7ರ ವಿಹಾನ್ ಕುಮಾರ್ ತೀರ್ಪು ಇನ್ನೂ ಮುಂದೆ ಹೋಯಿತು: ಯಾವ ಅಪರಾಧವೇ ಆಗಲಿ, ಕಾರಣ ತಿಳಿಸದ ಬಂಧನ ಅಸಿಂಧು, ತಿಳಿಸಿದ್ದೇವೆಂದು ರುಜುವಾತು ಮಾಡುವ ಹೊಣೆ ಪೊಲೀಸರದ್ದು.

ನಡುವೆ ಒಂದು ತೊಡಕು ಬಂತು. ನಟ ದರ್ಶನ್ ಅವರಿಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ರದ್ದುಪಡಿಸಿದ 2025ರ ಆಗಸ್ಟ್ 14ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಲಿಖಿತ ಕಾರಣ ಕೊಡಲಿಲ್ಲ ಎಂಬುದೊಂದರಿಂದಲೇ ಬಂಧನ ಬಿದ್ದುಹೋಗುವುದಿಲ್ಲ, ಅದರಿಂದ ಆರೋಪಿಗೆ ಬಾಧೆಯಾಗಿದೆಯೇ ಎಂದು ನೋಡಬೇಕು ಎಂದಿತು. ಆ ವೇಳೆ ನಮ್ಮ ನ್ಯಾಯಾಲಯಗಳಲ್ಲಿ ಸರ್ಕಾರಿ ಅಭಿಯೋಜಕರು ಈ ತೀರ್ಪನ್ನೇ ಮುಂದಿಡುತ್ತಿದ್ದರು. ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ದಾರಿ ತಿಳಿಯಾಯಿತು: ಎಲ್ಲ ಅಪರಾಧಗಳಲ್ಲೂ ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಸ್ಥಳದಲ್ಲೇ ಬರೆದುಕೊಡಲು ಸಾಧ್ಯವಾಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ರಿಮ್ಯಾಂಡಿಗೆ, ಅಂದರೆ ಬಂಧನ ಮುಂದುವರಿಸಲು ಮ್ಯಾಜಿಸ್ಟ್ರೇಟರ ಆದೇಶ ಕೇಳಲು, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಗೆ ಸೇರಬೇಕು. ಇಲ್ಲವಾದರೆ ಬಂಧನವೂ ರಿಮ್ಯಾಂಡೂ ಅಕ್ರಮ.

"ಅರ್ಥವಾಗುವ ಭಾಷೆಯಲ್ಲಿ" ಎಂಬ ಮಾತು ನಮಗೆ ಬಹಳ ದೊಡ್ಡದು. ಕನ್ನಡವೊಂದೇ ಬಲ್ಲವನ ಕೈಗೆ ಇಂಗ್ಲಿಷಿನ ಹಾಳೆ ಕೊಟ್ಟರೆ ಸಾಲದು. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಿಹಾರದಿಂದಲೋ ಒಡಿಶಾದಿಂದಲೋ ಬಂದವನಿಗೆ ಕನ್ನಡದ ಹಾಳೆ ಕೊಟ್ಟರೂ ಸಾಲದು. ಬೇರೆ ರಾಜ್ಯದಲ್ಲಿ ಸಿಕ್ಕಿಬಿದ್ದ ನಮ್ಮ ಹುಡುಗನಿಗೂ ಇದೇ ಹಕ್ಕು ಇದೆ, ಅಲ್ಲಿನ ವಕೀಲರಿಗೆ ಫೋನಿನಲ್ಲಿ ಇದನ್ನು ಹೇಳಿ.

ಕೇಳುವಾಗ ಒಂದು ಎಚ್ಚರ ಬೇಕು. "ಯಾವ ಕಲಂ" ಎಂಬುದು ಕಾರಣವಲ್ಲ. ಭಾರತೀಯ ನ್ಯಾಯ ಸಂಹಿತೆಯ ಕಳ್ಳತನದ ಕಲಂ 303 ಎಂದು ಬರೆದರೆ ಅದು ಎಲ್ಲ ಕಳ್ಳತನಕ್ಕೂ ಒಪ್ಪುವ ಅಚ್ಚು. ಈ ಮನುಷ್ಯ ಯಾವ ದಿನ, ಎಲ್ಲಿ, ಏನು ಮಾಡಿದನೆಂದು ಶಂಕೆ ಎಂಬುದು ಕಾರಣ. ಬಂದ ಹಾಳೆಯನ್ನು ಈ ಕಣ್ಣಿನಿಂದ ಓದಿ.

ನಾಲ್ಕನೇ ಹೆಜ್ಜೆ: ಠಾಣೆಯಲ್ಲಿ

ಹತ್ತು ಜನ ಹೋಗಬೇಡಿ. ಇಬ್ಬರು ಸಾಕು, ಅದರಲ್ಲಿ ಒಬ್ಬರು ಬರೆಯಬಲ್ಲವರಾಗಿರಲಿ. ಬಂಧಿತನ ಮಾತ್ರೆ, ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಆಧಾರ್ ಪ್ರತಿ ಕೈಯಲ್ಲಿರಲಿ. ಸಕ್ಕರೆ ಕಾಯಿಲೆ, ಮೂರ್ಛೆರೋಗ, ಹೃದಯದ ತೊಂದರೆ ಇದ್ದರೆ ಮೊದಲ ಮಾತೇ ಅದಾಗಲಿ, ಬರಹದಲ್ಲೂ ಕೊಡಿ. ಮುಂದೆ "ನಮಗೆ ಗೊತ್ತಿರಲಿಲ್ಲ" ಎನ್ನಲು ಯಾರಿಗೂ ಆಗಬಾರದು.

ಠಾಣೆಯ ರೈಟರ್ ಮೇಜಿನ ಬಳಿ ಮೂರು ವಿಷಯ ಕೇಳಿ: ಬಂಧನವನ್ನು ದಾಖಲಿಸಿದ್ದಾರೆಯೇ, ಯಾವ ಗಂಟೆಗೆ, ಅಪರಾಧ ಸಂಖ್ಯೆ ಏನು. ಕಲಂ 48ರಂತೆ ಬಂಧಿತನು ಹೇಳಿದ ಬಂಧುವಿಗೋ ಗೆಳೆಯನಿಗೋ ಪೊಲೀಸರೇ ತಿಳಿಸಬೇಕು, ತಿಳಿಸಿದ್ದನ್ನು ಪುಸ್ತಕದಲ್ಲಿ ಬರೆಯಬೇಕು. ಕಲಂ 37ರ ಪ್ರಕಾರ ಪ್ರತಿ ಠಾಣೆಯಲ್ಲೂ ಜಿಲ್ಲೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಬಂಧಿತರ ಹೆಸರು, ವಿಳಾಸ, ಆರೋಪದ ವಿವರ ಇಡಬೇಕು ಮತ್ತು ಅದನ್ನು ಎಲ್ಲರಿಗೂ ಕಾಣುವಂತೆ ಪ್ರದರ್ಶಿಸಬೇಕು. "ಇಲ್ಲಿ ಅಂಥವರು ಯಾರೂ ಇಲ್ಲ" ಎಂಬ ಉತ್ತರ ಬಂದರೆ ಆ ಫಲಕದ ಮುಂದೆ ನಿಂತು ಕೇಳಿ.

ಎಫ್‌ಐಆರ್ ಪ್ರತಿಗಾಗಿ ಅಂಗಲಾಚಬೇಕಿಲ್ಲ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಕರ್ನಾಟಕ ಪೊಲೀಸರ ಜಾಲತಾಣದಲ್ಲಿ ಠಾಣೆ ಮತ್ತು ಅಪರಾಧ ಸಂಖ್ಯೆ ಹಾಕಿ ಹುಡುಕಿ.

ವಿಚಾರಣೆಯ ವೇಳೆ ತನಗೆ ಬೇಕಾದ ವಕೀಲರನ್ನು ಭೇಟಿಯಾಗುವ ಹಕ್ಕು ಕಲಂ 38ರಲ್ಲಿದೆ. ಇಡೀ ಹೊತ್ತು ವಕೀಲರು ಪಕ್ಕದಲ್ಲಿ ಕೂರುವ ಹಕ್ಕಲ್ಲ, ಭೇಟಿಯ ಹಕ್ಕು. ಆದರೂ ವಕೀಲರು ಒಮ್ಮೆ ಒಳಗೆ ಹೋಗಿ ಮುಖ ನೋಡಿ ಬಂದರೆ ಒಳಗಿನ ಗಾಳಿಯೇ ಬದಲಾಗುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ವ್ಯಕ್ತಿಗೆ, ಅವನ ವರಮಾನ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು.

ಬಂಧಿತನಿಗೆ ಒಂದು ಮಾತು ಮುಟ್ಟಿಸಿ: ಹೆಸರು, ವಿಳಾಸ ಸರಿಯಾಗಿ ಹೇಳು, ಸುಳ್ಳು ಹೇಳಬೇಡ, ನಿನ್ನನ್ನೇ ಆರೋಪಕ್ಕೆ ಸಿಲುಕಿಸುವ ಪ್ರಶ್ನೆಗೆ "ವಕೀಲರೊಂದಿಗೆ ಮಾತನಾಡಿ ಉತ್ತರಿಸುತ್ತೇನೆ" ಎನ್ನು. ಇದು ಸಂವಿಧಾನದ 20(3)ನೇ ವಿಧಿ ಕೊಟ್ಟ ಹಕ್ಕು. ತನಿಖೆಯಲ್ಲಿ ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಪಡೆಯುವಂತಿಲ್ಲ ಎಂದು ಕಲಂ 181 ಹೇಳುತ್ತದೆ. ಆದರೂ "ಸ್ವಇಚ್ಛಾ ಹೇಳಿಕೆ" ಎಂಬ ಕಾಗದ ಸಹಿಯೊಂದಿಗೆ ಕಡತ ಸೇರುವುದನ್ನು ದಿನವೂ ನೋಡುತ್ತೇವೆ. ಸಹಿ ಹಾಕಿಬಿಟ್ಟಿದ್ದರೆ ಎದೆಗುಂದಬೇಡಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯ ಅಧಿನಿಯಮದ ಕಲಂ 23 ಒಪ್ಪುವುದಿಲ್ಲ. ಅದರಿಂದ ವಸ್ತುವೊಂದು ಪತ್ತೆಯಾದರೆ ಆ ಪತ್ತೆಗೆ ನೇರ ಸಂಬಂಧಿಸಿದ ಭಾಗವಷ್ಟೇ ನಿಲ್ಲುತ್ತದೆ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರೆ ಮಾತ್ರ ಅದನ್ನು ಮ್ಯಾಜಿಸ್ಟ್ರೇಟರಿಗೆ ಮೊದಲ ದಿನವೇ ಹೇಳಬೇಕು. ಸುಳ್ಳುಪತ್ತೆ, ಮಂಪರು ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದ ಸೆಲ್ವಿ ಪ್ರಕರಣ ಕರ್ನಾಟಕದಿಂದಲೇ ಹೋದದ್ದು.

ಕಲಂ 53ರ ವೈದ್ಯಕೀಯ ತಪಾಸಣೆ ಕೇವಲ ರಿವಾಜಿನದಲ್ಲ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಕೇಳಿದಾಗ "ಏನಿಲ್ಲ ಸರ್" ಎನ್ನುವುದು ಭಯದ ಮಾತು. ಏಟು ಬಿದ್ದಿದ್ದರೆ ಅಲ್ಲೇ ಹೇಳಬೇಕು, ಜಾಗ ತೋರಿಸಬೇಕು. ವರದಿಯ ಪ್ರತಿ ಬಂಧಿತನಿಗೋ ಅವನು ಹೇಳಿದವರಿಗೋ ಸಿಗಬೇಕು. ಹೊಡೆತದ ಅನುಮಾನವಿದ್ದರೆ ಸಿಸಿಟಿವಿ ದೃಶ್ಯಗಳನ್ನು ಉಳಿಸಿಡಿ ಎಂದು ಅದೇ ವಾರ ಅರ್ಜಿ ಹಾಕಿ. ಠಾಣೆಯ ದೃಶ್ಯಗಳನ್ನು 18 ತಿಂಗಳು ಉಳಿಸುವ ವ್ಯವಸ್ಥೆ ಇರಬೇಕೆಂದು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ, ಆದರೆ ನಾವು ಕೇಳುವುದು ತಡವಾದಷ್ಟೂ ಸಿಗುವ ಭರವಸೆ ಕಡಿಮೆ.

ಎಲ್ಲಿದ್ದಾನೆಂದೇ ತಿಳಿಯದಿದ್ದರೆ? 112ಕ್ಕೆ ಕರೆ ಮಾಡಿ, ಅದರ ಸಮಯವೇ ಒಂದು ದಾಖಲೆ. ಎಸ್‌ಪಿ ಅಥವಾ ಆಯುಕ್ತರ ಕಚೇರಿಗೆ ಮತ್ತು ಸ್ಥಳೀಯ ಮ್ಯಾಜಿಸ್ಟ್ರೇಟರಿಗೆ ಇ–ಮೇಲ್ ಕಳುಹಿಸಿ. ಅಕ್ರಮವಾಗಿ ಕೂಡಿಹಾಕಿದ್ದಾರೆಂದು ಮ್ಯಾಜಿಸ್ಟ್ರೇಟರ ಮುಂದೆ ಕಲಂ 100ರ ಅರ್ಜಿ ಹಾಕಬಹುದು. ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಆ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತರಿಸಿ ಎಂಬ ಅರ್ಜಿ, ಹಾಕಬಹುದು.

ಐದನೇ ಹೆಜ್ಜೆ: ಮ್ಯಾಜಿಸ್ಟ್ರೇಟರ ಮುಂದೆ

ಕಲಂ 58ರಂತೆ ಬಂಧನದಿಂದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಭಾನುವಾರ, ಹಬ್ಬ ಎಂಬ ನೆಪವಿಲ್ಲ. ರಜೆಯ ದಿನ ನ್ಯಾಯಾಧೀಶರ ವಸತಿಗೃಹಕ್ಕೆ ಕರೆದೊಯ್ಯುತ್ತಾರೆ. ಆ ಗೇಟಿನ ಹೊರಗೆ ಕಾಯಲು ಮನೆಯವರೊಬ್ಬರು, ಒಳಗೆ ಹೋಗಲು ವಕೀಲರೊಬ್ಬರು ಸಿದ್ಧವಿರಬೇಕು. ಎಷ್ಟೋ ರಿಮ್ಯಾಂಡುಗಳು ಆರೋಪಿಯ ಪರ ಒಂದು ದನಿಯೂ ಇಲ್ಲದೆ ಐದು ನಿಮಿಷದಲ್ಲಿ ಮುಗಿದುಹೋಗುತ್ತವೆ. ನನ್ನ ಮನಸ್ಸಿಗೆ ಅತಿ ಹೆಚ್ಚು ನೋವು ಕೊಡುವ ಐದು ನಿಮಿಷ ಅದು.

ಡೇರಿಯ ಪುಸ್ತಕ ಕೆಲಸಕ್ಕೆ ಬಂದದ್ದು ಇಲ್ಲಿಯೇ. ಬಂಧನ ಪತ್ರದ 11 ಗಂಟೆಯ ಲೆಕ್ಕದಲ್ಲಿ 24 ಗಂಟೆ ಮೀರಿರಲಿಲ್ಲ. ಹಿಂದಿನ ಸಂಜೆಯ 7-20ರ ಲೆಕ್ಕದಲ್ಲಿ ಮೀರಿತ್ತು. ಆ ಹೆಣ್ಣುಮಗಳು ಪುಸ್ತಕ ತೆರೆದು ತೋರಿಸಿದರು. ಅದೇ ಹಾಳೆಯಲ್ಲಿ ಆ ಸಂಜೆ ಅಳೆದ ಹಾಲಿನ ಲೀಟರು, ಡೇರಿಯ ಮೊಹರು ಇದ್ದವು. ನ್ಯಾಯಾಧೀಶರು ಹಾಳೆಯನ್ನು ಎರಡು ಬಾರಿ ಓದಿ, ಹುಡುಗನತ್ತ ತಿರುಗಿ, "ನಿನ್ನೆ ರಾತ್ರಿ ಎಲ್ಲಿದ್ದೆ?" ಎಂದು ಕೇಳಿದರು. ಅದುವರೆಗೆ ನೆಲ ನೋಡುತ್ತಿದ್ದವನು ಮೊದಲ ಬಾರಿ ತಲೆಯೆತ್ತಿ ಮಾತನಾಡಿದ. ಪೊಲೀಸ್ ಕಸ್ಟಡಿ ಕೋರಿದ್ದ ಅರ್ಜಿ ಆ ದಿನ ತಿರಸ್ಕೃತವಾಯಿತು.

ಹೀಗಾಗಿ ಬಂಧಿತನಿಗೆ ಮೊದಲೇ ಹೇಳಿರಿ: ನ್ಯಾಯಾಧೀಶರು "ಏನಾದರೂ ತೊಂದರೆ ಇದೆಯೇ?" ಎಂದು ಕೇಳುವ ಆ ಗಳಿಗೆಯೇ ನಿನ್ನದು. ಯಾವಾಗ ಕರೆತಂದರು, ಹೊಡೆದರೇ, ಕಾರಣದ ಹಾಳೆ ಸಿಕ್ಕಿತೇ, ಮನೆಗೆ ತಿಳಿಸಿದರೇ, ಖಾಲಿ ಹಾಳೆಗೆ ಸಹಿ ಪಡೆದರೇ, ಇಷ್ಟನ್ನು ಹೇಳಬೇಕು. ವಕೀಲರು ಅದನ್ನು ಆದೇಶದ ಹಾಳೆಯಲ್ಲಿ ದಾಖಲಿಸಲು ಕೋರಬೇಕು.

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ 2014ರ ಅರ್ನೇಶ್ ಕುಮಾರ್ ತೀರ್ಪು ನಿಮ್ಮ ಬೆನ್ನಿಗಿದೆ. ಬಂಧನ ಏಕೆ ಅಗತ್ಯವಾಯಿತು ಎಂಬ ತಪಶೀಲು ಪಟ್ಟಿಯನ್ನು ಪೊಲೀಸರು ರಿಮ್ಯಾಂಡ್ ಅರ್ಜಿಯೊಂದಿಗೆ ಕೊಡಬೇಕು, ಮ್ಯಾಜಿಸ್ಟ್ರೇಟರು ಅದನ್ನು ಓದಿ ತೃಪ್ತರಾದ ಮೇಲಷ್ಟೇ ಬಂಧನ ಮುಂದುವರಿಸಬೇಕು. ಆ ಪಟ್ಟಿ ಕಡತದಲ್ಲಿದೆಯೇ ಎಂದು ವಕೀಲರು ಕೇಳಿಯೇ ಕೇಳಬೇಕು.

ಹೊಸ ಕಾನೂನಿನ ಕಹಿ ಭಾಗವೂ ಇಲ್ಲಿದೆ. ಹಿಂದೆ ಪೊಲೀಸ್ ಕಸ್ಟಡಿಯ 15 ದಿನಗಳು ಮೊದಲ ರಿಮ್ಯಾಂಡಿನ 15 ದಿನದೊಳಗೇ ಮುಗಿಯುತ್ತವೆ ಎಂದೇ ತಿಳಿಯಲಾಗಿತ್ತು. ಕಲಂ 187ರಲ್ಲಿ ಆ 15 ದಿನಗಳನ್ನು ತುಂಡು ತುಂಡಾಗಿ, ಪ್ರಕರಣಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ ಕೇಳಬಹುದು. ನ್ಯಾಯಾಂಗ ಬಂಧನಕ್ಕೆ ಹೋದವನನ್ನು ಮತ್ತೆ ಠಾಣೆಗೆ ಕರೆತರುವ ಸಾಧ್ಯತೆ ಹೀಗೆ ಉಳಿದುಕೊಂಡಿದೆ. ಈವರೆಗೆ ಎಷ್ಟು ದಿನ ಕಳೆದಿವೆ ಎಂಬ ಲೆಕ್ಕವನ್ನು ಮನೆಯವರೇ ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳಲಿ.

ಆರನೇ ಹೆಜ್ಜೆ: ಜಾಮೀನು ಮತ್ತು ಜಾಮೀನುದಾರ

ಜಾಮೀನೀಯ ಅಪರಾಧವಾದರೆ ಠಾಣೆಯಲ್ಲೇ ಬಿಡುಗಡೆ ಪಡೆಯುವುದು ಹಕ್ಕು. ಬಂಧನವಾಗಿ ಒಂದು ವಾರವಾದರೂ ಜಾಮೀನುದಾರ ಸಿಗದಿದ್ದರೆ ಅವನನ್ನು ಬಡವನೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಲಂ 478 ಹೇಳುತ್ತದೆ. ಜಾಮೀನುರಹಿತ ಅಪರಾಧಕ್ಕೆ ಕಲಂ 480ರ ಅರ್ಜಿ ಮ್ಯಾಜಿಸ್ಟ್ರೇಟರ ಮುಂದೆ, ಅಲ್ಲಿ ಆಗದಿದ್ದರೆ 483ರಡಿ ಸೆಷನ್ಸ್ ಅಥವಾ ಹೈಕೋರ್ಟಿನಲ್ಲಿ. ಬಂಧನದ ಭಯ ಮೊದಲೇ ಇದ್ದರೆ 482ರ ನಿರೀಕ್ಷಣಾ ಜಾಮೀನು.

ಆದೇಶ ಸಿಕ್ಕ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ, ಆದರೆ ಹುಡುಗ ಬರುವುದು ಹತ್ತು ದಿನ ತಡ. ಕಾರಣ ಬಹುತೇಕ ಪಹಣಿ. ಜಾಮೀನುದಾರನ ಪಹಣಿ ತಂದೆಯ ಹೆಸರಿನಲ್ಲೇ ಇರುತ್ತದೆ, ಖಾತೆ ಬದಲಾಗಿರುವುದಿಲ್ಲ, ಆಧಾರಿನ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗುವುದಿಲ್ಲ. ಅರ್ಜಿ ಹಾಕಿದ ದಿನವೇ ಜಾಮೀನುದಾರನನ್ನು ಗೊತ್ತುಮಾಡಿ, ಇತ್ತೀಚಿನ ಪಹಣಿ ಅಥವಾ ಮನೆ ತೆರಿಗೆ ರಸೀದಿ, ಆಧಾರ್, ಭಾವಚಿತ್ರಗಳನ್ನು ವಕೀಲರಿಗೆ ತೋರಿಸಿ. ಆತ ಬೇರೆ ಪ್ರಕರಣಗಳಲ್ಲಿ ಜಾಮೀನು ನಿಂತಿದ್ದರೆ ಮುಚ್ಚಿಡಬಾರದು.

ಜಾಮೀನು ಸಿಕ್ಕಿಯೂ ಜೈಲಿನಲ್ಲೇ ಉಳಿದವರಿಗಾಗಿ 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ವಕೀಲರೂ ಮರೆಯುತ್ತಾರೆ. ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಜೈಲಿಗೆ ಇ–ಮೇಲ್ ಮಾಡಬೇಕು. ಏಳು ದಿನದಲ್ಲಿ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಜಾಮೀನುದಾರ ಸಿಗದಿದ್ದರೆ ನ್ಯಾಯಾಲಯ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಸ್ಥಳೀಯ ಜಾಮೀನುದಾರನೇ ಬೇಕೆಂಬ ಷರತ್ತು ಬೇಡ ಎಂದೂ ಅದರಲ್ಲಿ ಸೂಚನೆಯಿದೆ. ಹೊರ ಜಿಲ್ಲೆಯ ಕೂಲಿಕಾರರಿಗೆ ಇದು ಜೀವದಾನವೇ ಸರಿ.

ವಿಚಾರಣೆ ಎಳೆದಾಡುತ್ತಾ ಒಳಗೇ ಉಳಿದವರಿಗೆ ಕಲಂ 479 ಇದೆ. ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದರೆ ಬಿಡುಗಡೆ, ಹಿಂದೆ ಎಂದೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಹಲವು ಪ್ರಕರಣಗಳು ಬಾಕಿಯಿರುವವರಿಗೂ ಇದು ಅನ್ವಯಿಸುವುದಿಲ್ಲ. 2024ರ ಜುಲೈಗೂ ಮೊದಲಿನ ಪ್ರಕರಣಗಳಿಗೂ ಇದು ಸಲ್ಲುತ್ತದೆಂದು ಅದೇ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದೇ, ಆದರೂ ನೀವು ಒಂದು ಪತ್ರ ಬರೆದು ನೆನಪಿಸಿ.

ಏಳನೇ ಹೆಜ್ಜೆ: 60 ಮತ್ತು 90ರ ಲೆಕ್ಕ

ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಹೆಚ್ಚಿನ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆರೋಪ ಎಷ್ಟು ಗಟ್ಟಿ ಎಂಬ ಪ್ರಶ್ನೆಯೇ ಬರುವುದಿಲ್ಲ. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮೊದಲ ರಿಮ್ಯಾಂಡ್ ಆದೇಶದ ದಿನದಿಂದ. ಆ ದಿನವನ್ನೂ ಎಣಿಕೆಗೆ ಸೇರಿಸಬೇಕೆಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ ತೀರ್ಮಾನಿಸಿದೆ. ಹಕ್ಕು ತಾನಾಗಿ ಬಾಗಿಲು ತೆರೆಯುವುದಿಲ್ಲ, ಅರ್ಜಿ ಹಾಕಬೇಕು. ಪೊಲೀಸರು ಪಟ್ಟಿ ಸಲ್ಲಿಸುವ ಮೊದಲೇ ಹಾಕಬೇಕು. 61ನೇ ದಿನ, ಅಥವಾ 91ನೇ ದಿನ, ಕಚೇರಿ ತೆರೆಯುವ ಹೊತ್ತಿಗೆ ಅರ್ಜಿ ಟೈಪಾಗಿ, ಜಾಮೀನುದಾರ ಪಹಣಿಯೊಂದಿಗೆ ನ್ಯಾಯಾಲಯದ ಜಗಲಿಯಲ್ಲಿ ಕುಳಿತಿರಲಿ. ಸಲ್ಲಿಸಿದ ಗಂಟೆ ನಮೂದಾಗಿರುವ ಸ್ವೀಕೃತಿಯನ್ನು ಶಿರಸ್ತೇದಾರರ ಮೇಜಿನಿಂದ ಕೇಳಿ ಪಡೆಯಿರಿ.